ನಡುಹಗಲಿನ ಬಿಸಿಲೂ ಕೋಗಳಿನಾಡಿನ ಗುಡಿಗಳೂ

ಶಾಸನಗಳಲ್ಲಿ ‘ಕೋಗಳಿ ೫೦೦’ ಎಂದು ಹೆಸರಾದ ನಾಡು ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಹಂಚಿಹೋಗಿದೆ. ಇಲ್ಲಿಯ ಗುಡಿಗಳನ್ನು ನೋಡಲೆಂದು ಮಕ್ಕಳುಮರಿಗಳೊಡನೆ ಹೊರಟ ಗೃಹಸ್ಥನು ಬಸ್ಸಿನಿಂದಿಳಿಯುವಷ್ಟರಲ್ಲಿ ಸೂರ್ಯನು ನೆತ್ತಿಗೇರಿರುತ್ತಾನೆ. ಎಳೆಬಿಸಿಲಿಗೆ ಕಾಯಿರಿ ಎಂದು ಛಾಯಾಗ್ರಹಣದ ಪುಸ್ತಕಗಳು ಹೇಳುತ್ತವೆ. ಹಿಂದಿರುಗುವ ಬಸ್ಸು ನಮಗಾಗಿ ಕಾಯಬೇಕಲ್ಲ! ಆದಕಾರಣ ಉರಿಬಿಸಿಲಿನಲ್ಲಿಯೇ ಚಿತ್ರ ತೆಗೆಯುವ ಬಗೆಯನ್ನು ವಿಚಾರಿಸೋಣ.

ಕ್ರಿ. ಶ. ೯೮೭ರಲ್ಲಿ ದುಗ್ಗಿಮಯ್ಯನು ಕಟ್ಟಿಸಿದ ಬಾಗಳಿಯ ಕಲ್ಲೇಶ್ವರ ದೇವಾಲಯದ ಮುಂದೆ ನಿಂತರೆ ಕಷ್ಟವು ಕೂಡಲೇ ತಿಳಿಯುವುದು. ಅಂಗಳವು ಬೆಂಕಿಯಂತೆ ಹೊಳೆಯುತ್ತದೆ, ಮಂಟಪದೊಳಗೆ ಕತ್ತಲೆ. ನೂರರ ವೇಗದ ಫಿಲ್ಮಿಗೆ ತೆರಪು ಹದಿನಾರು, ಕಾಲ ಸೆಕೆಂಡಿನ ೧/೧೨೫ ಎಂಬುದು ಬಿಸಿಲಿನ ಹಳೆಯ ಲೆಕ್ಕ. ನೆರಳಿಗೆ ಅದರ ಎಂಟು ಪಟ್ಟು ಬೆಳಕು ಬೇಕಾಗಬಹುದು. ಎರಡನ್ನೂ ಒಂದೇ ಪಟದಲ್ಲಿ ಹಿಡಿಯುವೆನೆಂದು ಹೊರಟರೆ ಎರಡೂ ಕೆಡುತ್ತವೆ. ಫಿಲ್ಮಿನಲ್ಲಿ ನೆರಳಿಗೆ ಸಾಕಷ್ಟು ಬೆಳಕು ಕೊಡಬೇಕು. ಡಿಜಿಟಲ್ ಕ್ಯಾಮೆರಾದಲ್ಲಿಯೂ ಮೊಬೈಲಿನಲ್ಲಿಯೂ ಇದು ತಿರುಗುಮುರುಗು: ಒಮ್ಮೆ ಬೆಳ್ಳಗೆ ಸುಟ್ಟುಹೋದ ಭಾಗವು ಮರಳಿ ಬಾರದು, ಕಪ್ಪಾದುದನ್ನು ಸ್ವಲ್ಪಮಟ್ಟಿಗೆ ಎತ್ತಿಕೊಳ್ಳಬಹುದು.

ಆದರೆ ಕುರುವತ್ತಿಯ ಮಲ್ಲಿಕಾರ್ಜುನನ ಪೂರ್ವದ್ವಾರದ ಮದನಿಕೆಯರ ಮುಂದೆ ನಾವು ಈ ನಿಯಮವನ್ನು ಮುರಿಯುತ್ತೇವೆ. ಮಧ್ಯಾಹ್ನ ತಿರುಗಿದ ಮೇಲೆ ಅವರು ನೆರಳಿನಲ್ಲಿರುವರು. ಆಕಾಶವು ಬಿಳಿದಾಗಲಿ; ಅದು ಎಲ್ಲೆಡೆಯೂ ಉಂಟು, ಈ ಬೊಂಬೆಗಳು ಕುರುವತ್ತಿಯಲ್ಲಿ ಮಾತ್ರ. ಗ್ರೀನ್‌ಲಾ ಎಂಬ ಸೇನಾಧಿಕಾರಿಯು ೧೮೫೬ರಲ್ಲಿ ನೆರೆಯ ಹಂಪೆಯನ್ನು ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದಾಗಲೂ, ನೀಲಿಗೆ ಬೇಗ ಸೋಲುವ ಆ ಕಾಗದದಲ್ಲಿ ಮೋಡಗಳಿಗೆ ಎಡೆಯಿರಲಿಲ್ಲ.

ಮನೆಮಂದಿಯನ್ನು ಮಾತ್ರ ಬಿಸಿಲಿನಲ್ಲಿ ನಿಲ್ಲಿಸಕೂಡದು. ಕಣ್ಣಿನ ಕುಳಿಗಳಲ್ಲಿ ಮಸಿ ತುಂಬಿ, ಮುಂದೆ ಮೊಮ್ಮಕ್ಕಳಿಗೆ ಅಜ್ಜಿಯ ಗುರುತೇ ಹತ್ತದು. ಅವರನ್ನು ಮಂಟಪದ ಅಂಚಿನ ನೆರಳಿನಲ್ಲಿ ಹೊರಮುಖವಾಗಿ ಕುಳ್ಳಿರಿಸಿ, ಎದುರಿನ ಬಿಸಿಲಿನಲ್ಲಿ ಬಿಳಿಯ ಪಂಚೆಯೊಂದನ್ನು ಹಾಸಿದರೆ ಬೆಳಕು ಕೆಳಗಿನಿಂದ ಮೃದುವಾಗಿ ಮುಖಕ್ಕೇರುವುದು. ಸೂರ್ಯನ ತಾಪವನ್ನು ತಾಳಲಾರದೆ ಸಂಜ್ಞಾದೇವಿಯು ತನ್ನ ಬದಲಿಗೆ ಛಾಯೆಯನ್ನು ನಿಲ್ಲಿಸಿ ಹೋದಳೆಂದು ಪುರಾಣವು ಹೇಳುತ್ತದೆ. ಛಾಯಾಚಿತ್ರಕ್ಕೆ ಹೆಸರಿಟ್ಟವರಿಗೆ ಆ ಕಥೆಯು ನೆನಪಿತ್ತೋ ಏನೋ!

ನಾಡಿಗೆ ಹೆಸರಿತ್ತ ಕೋಗಳಿ ಗ್ರಾಮವು ಜೈನ ಬಸದಿಗೂ ಶಾಸನಗಳಿಗೂ ಪ್ರಸಿದ್ಧವಾದುದು. ಬಯಲಿನಲ್ಲಿ ನೆಟ್ಟ ಶಾಸನಗಲ್ಲಿಗೆ ನಡುಹಗಲೇ ಮಿತ್ರ. ಚೈತ್ರ ವೈಶಾಖಗಳಲ್ಲಿ ಬಿಸಿಲು ನೆತ್ತಿಯಿಂದ ಕಲ್ಲಿನ ಮೈಯನ್ನು ಸವರುತ್ತ ಇಳಿಯುವಾಗ ಸವೆದ ಅಕ್ಷರಗಳ ಕುಳಿಗಳಲ್ಲಿ ನೆರಳು ನಿಲ್ಲುತ್ತದೆ. ಇಲ್ಲಿ ಪಂಚೆಯನ್ನು ಮಡಿಸಿಟ್ಟು, ಬಿಸಿಲು ಬಿದ್ದ ಕಲ್ಲಿಗೇ ಅಳತೆಯಿಟ್ಟರೆ ಬೆಳಿಗ್ಗೆ ಕಾಣದ ಸಾಲುಗಳನ್ನು ಓದಬಹುದು.