ಪಟದೊಳಗಿನ ಭೀಮ

ಜಾತ್ರೆಗೆ ಎತ್ತು ಕೊಳ್ಳಹೋದ ರೈತನು ಎತ್ತಿನ ಪಟವನ್ನು ನೋಡಿ ವ್ಯಾಪಾರ ಮುಗಿಸಿದ ಸಂಗತಿಯನ್ನು ಯಾರೂ ಕೇಳಿರಲಾರರು. ಅವನು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಬೆನ್ನು ತಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ಗೊರಸು ಊರುವ ರೀತಿಯನ್ನು ಪರೀಕ್ಷಿಸುತ್ತಾನೆ. ಅಷ್ಟಾದ ಮೇಲೂ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವಾಗ ಒಂದಿಷ್ಟು ಸಂಶಯವನ್ನು ಉಳಿಸಿಕೊಂಡೇ ಇರುತ್ತಾನೆ. ಎತ್ತಿಗೆ ದೊರೆತ ಈ ಮರ್ಯಾದೆ ಮನುಷ್ಯನಿಗೆ ದೊರೆತಿಲ್ಲ. ಎದೆಯುಬ್ಬಿಸಿ, ತೋಳು ಮಡಿಸಿ ನಿಂತ ತರುಣನ ಒಂದು ಭಾವಚಿತ್ರವನ್ನು ಕಂಡರೆ ಸಾಕು, ಜನ ‘ಭೀಮ’ನೆಂದು ತೀರ್ಪು ಕೊಟ್ಟು ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ.

ದೇಹದಾರ್ಢ್ಯವನ್ನು ಕಣ್ಣಾರೆ ಕಂಡು ತೂಗುವ ಪದ್ಧತಿಗೆ ದೊಡ್ಡ ಪ್ರಮಾಣದಲ್ಲಿ ನಾಂದಿ ಹಾಡಿದವನು ಯೂಜೀನ್ ಸ್ಯಾಂಡೋ. 1898ರಲ್ಲಿ ತನ್ನ ಪತ್ರಿಕೆಯಲ್ಲಿ ಸ್ಪರ್ಧೆಯನ್ನು ಸಾರಿ, ಮೂರು ವರ್ಷಗಳ ತರುವಾಯ, 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅದರ ಕೊನೆಯ ಸುತ್ತನ್ನು ನಡೆಸಿದನು. ತೀರ್ಪುಗಾರರಲ್ಲಿ ಒಬ್ಬನು ಶಿಲ್ಪಿ ಸರ್ ಚಾರ್ಲ್ಸ್ ಲಾಸ್. ಇನ್ನೊಬ್ಬನು ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್. ಕಲ್ಲಿನಲ್ಲಿ ಮನುಷ್ಯನನ್ನು ಕಂಡವನೊಬ್ಬ, ಮನುಷ್ಯನಲ್ಲಿ ಸುಳಿವು ಹುಡುಕುವವನೊಬ್ಬ! ಗೆದ್ದವನು ನಾಟಿಂಗ್‌ಹ್ಯಾಮಿನ ವಿಲಿಯಂ ಮರ್ರೆ. ಸ್ಯಾಂಡೋ ಮುಂದಿಟ್ಟಿದ್ದ ಒರೆಗಲ್ಲುಗಳು ಐದು: ಒಟ್ಟು ಬೆಳವಣಿಗೆ, ಅಂಗಾಂಗಗಳ ಸಮತೂಕ, ಮಾಂಸಖಂಡದ ಹುರಿ, ಆರೋಗ್ಯ, ಚರ್ಮದ ಸ್ಥಿತಿ. ವಾಚಕರು ಈ ಐದನ್ನೂ ಮತ್ತೊಮ್ಮೆ ಮನಸ್ಸಿನಲ್ಲಿ ಎಣಿಸಿಕೊಳ್ಳಬೇಕು. ಮೊದಲಿನೆರಡನ್ನು ಪಟವು ಹೇಗೋ ಹೇಳೀತು. ಉಳಿದ ಮೂರರ ವಿಷಯದಲ್ಲಿ ಅದರದು ಬಹುಮಟ್ಟಿಗೆ ಮೌನ.

ಆದರೂ ಪಟವಿಲ್ಲದೆ ಈ ವಿದ್ಯೆ ಹಬ್ಬುತ್ತಿರಲಿಲ್ಲವೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಸಾಕ್ಷಿಯುಂಟು. ಕೆ. ವಿ. ಅಯ್ಯರ್ ಎಂದೊಡನೆ ಓದುಗರಿಗೆ ‘ಶಾಂತಲಾ’ ನೆನಪಾಗುತ್ತದೆ. ಅದನ್ನು ಬರೆದ ಕೈಯೇ ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಭಾರವನ್ನೆತ್ತುತ್ತಿದ್ದಿತು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಅವರು ಹೊರತಂದರು. ತಮ್ಮ ದೇಹದ ಭಾವಚಿತ್ರಗಳನ್ನೇ ಅವುಗಳಲ್ಲಿ ಅಚ್ಚು ಹಾಕಿಸಿದರು. ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಹೇಳಿದರು. ಬೆಂಗಳೂರನ್ನು ಕಾಣದವರೂ ಹೀಗೆ ಅವರ ಶಿಷ್ಯರಾದರು. ಎದುರಿಗೆ ನಿಂತ ಶಿಷ್ಯನ ಸೊಂಟ ಬಾಗಿದರೆ ಗುರು ಬೆತ್ತದಿಂದ ತಟ್ಟಿ ತಿದ್ದಬಹುದು. ಅಂಚೆಯ ಗುರುವಿಗೆ ಕಾಗದವೇ ಶಿಷ್ಯ. ಅಯ್ಯರರ ‘ರೂಪದರ್ಶಿ’ ಕಾದಂಬರಿಯ ಚಿತ್ರಕಾರನು ಬಾಲಯೇಸುವಿಗೆ ಮಾದರಿಯಾಗಿದ್ದವನನ್ನೇ ವರ್ಷಗಳ ಮೇಲೆ, ಗುರುತು ಹಿಡಿಯಲಾರದೆ, ಜೂದಾಸನಿಗೆ ಮಾದರಿಯಾಗಿ ಕೂರಿಸುತ್ತಾನೆ. ರೂಪವು ಒಂದು ಗಳಿಗೆಯದು ಎಂಬುದನ್ನು ಅಂಗಸಾಧಕರಲ್ಲದೆ ಮತ್ತಾರು ಅಷ್ಟು ಚೆನ್ನಾಗಿ ಬಲ್ಲರು!

ವೇದಿಕೆಯ ಮೇಲಿನ ಪರೀಕ್ಷೆಯ ಬಗೆ ಬೇರೆ. ಸ್ಪರ್ಧಾಳುಗಳು ಸಾಲಾಗಿ ನಿಂತು ಮುಂಭಾಗ, ಪಾರ್ಶ್ವ, ಬೆನ್ನು, ಇನ್ನೊಂದು ಪಾರ್ಶ್ವ ಎಂದು ಕಾಲುಭಾಗ ಕಾಲುಭಾಗವಾಗಿ ತಿರುಗುತ್ತಾರೆ. ಆಮೇಲೆ ಗೊತ್ತುಪಡಿಸಿದ ಭಂಗಿಗಳು. ತೀರ್ಪುಗಾರರು ಇಬ್ಬರು ಮೂವರನ್ನು ಮುಂದೆ ಕರೆದು, ನಡುವಿನವನನ್ನು ಅಂಚಿಗೆ, ಅಂಚಿನವನನ್ನು ನಡುವಿಗೆ ಬದಲಿಸಿ ನೋಡುತ್ತಾರೆ. ಹೊತ್ತು ಕಳೆದಂತೆ ತೊಡೆ ಸಣ್ಣಗೆ ನಡುಗುತ್ತದೆ, ಉಸಿರು ಹಿಡಿದ ಹೊಟ್ಟೆ ಮೆಲ್ಲನೆ ಹೊರಬರುತ್ತದೆ, ಮೋರೆಯ ನಗೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಭಂಗಿಯಿಂದ ಭಂಗಿಗೆ ಹೋಗುವ ನಡುವಿನ ಆ ಎಚ್ಚರತಪ್ಪಿದ ಕ್ಷಣದಲ್ಲಿ ದೇಹವು ತನ್ನ ನಿಜವನ್ನು ಹೇಳಿಬಿಡುತ್ತದೆ. ಪಟ ತೆಗೆಸಿಕೊಳ್ಳುವವನಾದರೋ ಆ ಕ್ಷಣವನ್ನೇ ಹರಿದು ಹಾಕುವವನು. ಮೇಲಾಗಿ ಕ್ಯಾಮೆರಾ ಒಕ್ಕಣ್ಣಿನದು. ಅದಕ್ಕೆ ಉದ್ದಗಲ ತಿಳಿದಷ್ಟು ದಪ್ಪ ತಿಳಿಯದು. ತೋಳನ್ನು ಅದರತ್ತ ಒಂದು ಗೇಣು ಮುಂದೆ ಚಾಚಿದರೆ ತೋಳು ಮರದ ಬೊಡ್ಡೆಯಾಗುತ್ತದೆ. ಅದನ್ನು ಮಂಡಿಯ ಎತ್ತರದಲ್ಲಿಟ್ಟರೆ ತೊಡೆ ಕಂಬವಾಗುತ್ತದೆ.

ಎತ್ತರದ ಮಾತಂತೂ ಕೇಳುವುದೇ ಬೇಡ. ಬಂಗಾಳದ ಮನೋಹರ ಆಯಿಚ್ 1952ರಲ್ಲಿ ಲಂಡನ್ನಿನ ‘ಮಿಸ್ಟರ್ ಯೂನಿವರ್ಸ್’ ಸ್ಪರ್ಧೆಯ ಗಿಡ್ಡರ ವಿಭಾಗದಲ್ಲಿ ಗೆದ್ದವರು. ಅವರ ಎತ್ತರ 4 ಅಡಿ 11 ಅಂಗುಲ! ಒಂಟಿಯಾಗಿ ನಿಂತ ಅವರ ಪಟವನ್ನು ನೋಡಿದವನಿಗೆ ಆರಡಿಯ ಆಳು ಕಂಡರೆ ಅದು ನೋಡಿದವನ ತಪ್ಪಲ್ಲ. ಪಕ್ಕದಲ್ಲೊಬ್ಬ ಬಂದು ನಿಲ್ಲಬೇಕು; ಆಗ ಲೆಕ್ಕ ಹತ್ತುತ್ತದೆ. ಆ ಲೆಕ್ಕದಿಂದ ಆಯಿಚರ ಸಾಧನೆ ಕಿರಿದಾಗುವುದಿಲ್ಲ, ಇನ್ನೂ ಬೆರಗು ಹುಟ್ಟಿಸುತ್ತದೆ. ಅವರು 2016ರಲ್ಲಿ, 104 ವರ್ಷ ತುಂಬಿದ ಮೇಲೆ ತೀರಿಕೊಂಡರು.

ಬೆಳಕಿನ ಚೇಷ್ಟೆಯನ್ನು ಕಾಣಲು ಸ್ಪರ್ಧೆಗೇ ಹೋಗಬೇಕೆಂದಿಲ್ಲ. ಮಲೆನಾಡಿನ ಮೆಣಸೆಯವರು ಹತ್ತಿರದ ಶೃಂಗೇರಿಗೆ ಹೋಗಿ ವಿದ್ಯಾಶಂಕರ ದೇಗುಲದ ಹೊರಗೋಡೆಯ ಶಿಲ್ಪಗಳನ್ನು ಆಷಾಢದ ಮಬ್ಬಿನಲ್ಲಿ ಒಮ್ಮೆ, ಮಾಗಿಯ ಓರೆ ಬಿಸಿಲಿನಲ್ಲಿ ಒಮ್ಮೆ ನೋಡಿದರೆ ಸಾಕು. ಮಬ್ಬಿನಲ್ಲಿ ಗೋಡೆಗೆ ಅಂಟಿಕೊಂಡಿದ್ದ ಮೂರ್ತಿಯ ಎದೆ, ತೋಳುಗಳು ಓರೆ ಬಿಸಿಲು ಬಿದ್ದೊಡನೆ ಹೊರಕ್ಕೆ ನೂಕಿ ಬರುತ್ತವೆ. ಕಲ್ಲೇನೂ ರಾತ್ರೋರಾತ್ರಿ ದಂಡ ಹೊಡೆದಿರುವುದಿಲ್ಲ!

ಅದೇ ಮೆಣಸೆಯ ಅಡಿಕೆ ತೋಟದ ಮನೆಯೊಂದರಲ್ಲಿ ಒಬ್ಬ ತರುಣನಿದ್ದಾನೆಂದು ಇಟ್ಟುಕೊಂಡರೆ, ಅವನಿಗೆ ಈ ಚೇಷ್ಟೆ ಬರೀ ವಿನೋದವಲ್ಲ. ದೊಡ್ಡ ಸ್ಪರ್ಧೆಗಳು ನಡೆಯುವ ಪಟ್ಟಣಗಳು ದೂರ. ಅವನ ಕೈಯಲ್ಲಿರುವುದು ಮೊಬೈಲು, ಅದರಲ್ಲಿರುವುದು ಪಟಗಳು. ಓರೆ ಬೆಳಕು ಹೊಂದಿಸಿ ಅವನೂ ಒಂದು ಪಟ ತೆಗೆದುಕೊಂಡು ದೊಡ್ಡಮ್ಮನಿಗೆ ತೋರಿಸಿದರೆ, “ಇದು ಯಾರ ಪಟ ಮಾರಾಯ, ನಿನ್ನ ಹಾಗೇ ಕಾಣ್ತದಲ್ಲ?” ಎಂದು ಆಕೆ ಕೇಳಿಯಾಳು. ಎಲ್ಲ ವಿಮರ್ಶಕರಿಗಿಂತ ಆಕೆಯೇ ಮೇಲು; ದಿನವೂ ಅವನಿಗೆ ಅನ್ನ ಬಡಿಸುವವಳು ಆಕೆ. ಆದರೆ ತರುಣನು ಬಚ್ಚಲುಮನೆಯ ಕನ್ನಡಿಯಲ್ಲಿ ಕಾಣುವ ತನ್ನ ಉಸಿರಾಡುವ ಮೈಯನ್ನು, ಪರದೇಶದ ಯಾರದೋ ಉಸಿರು ಬಿಗಿಹಿಡಿದ ಒಂದು ಗಳಿಗೆಯೊಂದಿಗೆ ಹೋಲಿಸಿ ಸೊರಗುತ್ತಾನೆ. ಊಟ ಬಿಡುತ್ತಾನೆ, ನೀರು ಬಿಡುತ್ತಾನೆ, ಕೊನೆಗೆ ಯಾರೋ ಹೇಳಿದ ಗುಳಿಗೆಗೆ ಕೈಯೊಡ್ಡುತ್ತಾನೆ. ಮೈಯ ನೀರು ಇಂಗಿದರೆ ಚರ್ಮವು ಮಾಂಸಖಂಡಕ್ಕೆ ಅಂಟಿ ಗೆರೆಗಳು ಎದ್ದು ಕಾಣುತ್ತವೆಂಬುದು ಸುಳ್ಳಲ್ಲ. ಅಲ್ಜೀರಿಯ ಮೂಲದ ಮೊಹಮ್ಮದ್ ಬೆನಜೀಜಾ 1992ರಲ್ಲಿ ಹಾಲೆಂಡಿನ ಸ್ಪರ್ಧೆ ಮುಗಿದ ಸ್ವಲ್ಪ ಹೊತ್ತಿನಲ್ಲಿಯೇ ಹೃದಯ ನಿಂತು ತೀರಿಕೊಂಡನು. ಮೂತ್ರ ಹೆಚ್ಚಿಸುವ ಔಷಧಗಳಿಂದ ನೀರು ಬತ್ತಿದುದೇ ಕಾರಣವೆಂದು ಹೇಳಲಾಯಿತು. ಇಲ್ಲಿ ಪಟವನ್ನಷ್ಟೇ ದೂರಿ ಫಲವಿಲ್ಲ. ಎದುರಿಗೆ ಕುಳಿತು ನೋಡಿದವರಿಗೂ ಆ ಮೈಯ ಒಳಗೆ ನಡೆಯುತ್ತಿದ್ದುದು ಕಾಣಲಿಲ್ಲ. ಸ್ಯಾಂಡೋ ಬರೆದಿಟ್ಟಿದ್ದ ನಾಲ್ಕನೆಯ ಒರೆಗಲ್ಲು ಎಲ್ಲಿ ಕಳೆದುಹೋಯಿತೋ!

ಪಟಕ್ಕೂ ಒಂದು ನ್ಯಾಯ ಸಲ್ಲಬೇಕು. ವೇದಿಕೆಯ ತೀರ್ಪುಗಾರನಿಗೆ ಕಂಡದ್ದನ್ನು ಮರಳಿ ನೋಡುವ ಸೌಕರ್ಯವಿಲ್ಲ. ಹತ್ತನೆಯವನು ಬರುವ ಹೊತ್ತಿಗೆ ಎರಡನೆಯವನ ಬೆನ್ನು ಮರೆತಿರುತ್ತದೆ, ಚಪ್ಪಾಳೆ ಅವನ ಕಿವಿಯ ಮೂಲಕ ಕಣ್ಣನ್ನು ಕೆಡಿಸಿರುತ್ತದೆ. ಪಟಕ್ಕೆ ಚಪ್ಪಾಳೆ ಕೇಳಿಸದು. ಮೆಣಸೆಯ ತರುಣನು ತಿಂಗಳಿಗೊಮ್ಮೆ ಅದೇ ಗೋಡೆಯ ಮುಂದೆ, ಅದೇ ಹೊತ್ತಿನ ಬೆಳಕಿನಲ್ಲಿ, ತೋಳು ಮಡಿಸದೆ, ಉಸಿರು ಬಿಗಿಹಿಡಿಯದೆ ನಿಂತು ಪಟ ತೆಗೆದಿಟ್ಟುಕೊಂಡರೆ, ವೈಶಾಖದ ತನ್ನನ್ನು ಕಾರ್ತಿಕದ ತನ್ನೊಂದಿಗೆ ಹೋಲಿಸಬಹುದು. ಆ ಹೋಲಿಕೆಯಲ್ಲಿ ಮೋಸಕ್ಕೆ ಎಡೆ ಕಡಿಮೆ. ತೊಡಕು ಬೆನ್ನಿನದೊಂದೇ. ತನ್ನ ಬೆನ್ನಿನ ಪಟವನ್ನು ನೆಟ್ಟಗೆ ತಾನೇ ತೆಗೆದುಕೊಳ್ಳುವುದು ಕಷ್ಟ. ಅದಕ್ಕಾಗಿ ತಮ್ಮನನ್ನೋ, ಕೊನೆ ಇಳಿಸಲು ಬಂದವನನ್ನೋ ತೋಟದಿಂದ ಕೂಗಿ ಕರೆಯಬೇಕಾಗುತ್ತದೆ.