ಮೊಲದ ಮದುವೆ, ಚೇಳಿನ ಮಾತು

ಮಗುವಿಗೆ ಕಥೆ ಓದಿ ಹೇಳುವಾಗ ನಮಗೊಂದು ಅವಸರ. ಅಕ್ಷರ ಮುಗಿಯಿತೋ, ಪುಟ ಮಗುಚಬೇಕು. ಮಗು ಬಿಡುವುದಿಲ್ಲ. ಚಿತ್ರದ ಮೇಲೆ ಅಂಗೈ ಒತ್ತಿ, ‘ತಡಿ ತಾತ, ಈ ಹುಡುಗ ಯಾಕೆ ಹೊರಗೇ ನಿಂತಿದಾನೆ?’ ಅನ್ನುತ್ತದೆ. ಕಥೆಯಲ್ಲಿ ಅದು ಬರೆದಿಲ್ಲವಲ್ಲ ಅಂತ ತಾತ ಕನ್ನಡಕ ಸರಿಮಾಡಿಕೊಳ್ಳಬೇಕು.

ಬರೆಯದೆ ಹೇಳುವ ಚಿತ್ರಗಳ ಗಮ್ಮತ್ತೇ ಬೇರೆ. ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ ತಂದ ‘ದಿ ಸ್ನೋಯಿ ಡೇ’ಯಲ್ಲಿ ಪೀಟರ್ ಎಂಬ ಪೋರ ಕೆಂಪು ಉಡುಪು ತೊಟ್ಟು ಹಿಮದಲ್ಲಿ ಆಡಿ ಮನೆಗೆ ಬರುತ್ತಾನೆ. ಕಥೆ ಅಂತ ಇರುವುದು ಅಷ್ಟೇ. ಅವನು ಕಪ್ಪು ಹುಡುಗ ಅಂತ ಬರಹ ತುಟಿ ಬಿಚ್ಚುವುದಿಲ್ಲ, ಚಿತ್ರ ಹೇಳುತ್ತದೆ. ಅಮೆರಿಕದ ಚಿತ್ರಪುಸ್ತಕಗಳಲ್ಲಿ ಕಪ್ಪು ಮಕ್ಕಳು ನಾಯಕರಾಗುವುದೇ ಅಪರೂಪವಾಗಿದ್ದ ಕಾಲವದು. ಮರುವರ್ಷ ಆ ಚಿತ್ರಗಳಿಗೆ ಕ್ಯಾಲ್ಡೆಕಾಟ್ ಪದಕ ಬಂತು.

ಅದಕ್ಕೂ ಮುಂಚೆ, 1958ರಲ್ಲಿ, ಗಾರ್ತ್ ವಿಲಿಯಮ್ಸ್ ತನ್ನ ಚಿತ್ರಪುಸ್ತಕದಲ್ಲಿ ಒಂದು ಬಿಳಿ ಮೊಲಕ್ಕೂ ಒಂದು ಕಪ್ಪು ಮೊಲಕ್ಕೂ ಮದುವೆ ಮಾಡಿಸಿದ್ದ. ಅಲಬಾಮಾದ ರಾಜಕಾರಣಿಗಳು ಕೆಂಡವಾದರು. ಮಕ್ಕಳಿಗೆ ಕಂಡದ್ದು ಮೊಲ. ದೊಡ್ಡವರಿಗೆ ಜಾತಿ ಕೆಟ್ಟಿತ್ತು! ನಗುವ ಮುಂಚೆ, ನಮ್ಮ ಮಕ್ಕಳ ಬಣ್ಣದ ಡಬ್ಬಿಯಲ್ಲಿ ‘ಸ್ಕಿನ್ ಕಲರ್’ ಅಂತ ಇರುತ್ತಿದ್ದ ಆ ಗುಲಾಬಿ ಕ್ರೇಯಾನ್ ನಮ್ಮ ಬೀದಿಯಲ್ಲಿ ಯಾರ ಚರ್ಮದ್ದು ಅಂತ ಹೇಳಿ ನೋಡೋಣ.

ನನ್ನ ಮೆಚ್ಚಿನದು 2011ರ ‘ಭೀಮಾಯಣ’. ಮಕ್ಕಳಿಗೇ ಅಂತ ಮಾಡಿದ್ದಲ್ಲ, ಆದರೆ ಅವರ ಕೈಗೆ ಹೋದರೆ ವಾಪಸು ಬರುವುದಿಲ್ಲ. ಅಂಬೇಡ್ಕರರ ಬದುಕನ್ನು ಬಿಡಿಸಿದವರು ಮಧ್ಯಪ್ರದೇಶದ ಪರಧಾನ ಗೊಂಡ ಕಲಾವಿದ ದಂಪತಿ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಕಾಮಿಕ್ಸಿನ ಚೌಕಗಳು ಅವರಿಗೆ ಬೇಡವಾದವು. ಮಾತು ತುಂಬುವ ಗುಳ್ಳೆಯನ್ನೂ ಬದಲಾಯಿಸಿದರು. ಮೆದುವಾಗಿ ಆಡಿದ ಮಾತು ಹಕ್ಕಿಯ ಆಕಾರದಲ್ಲಿದ್ದರೆ, ಜಾತಿ ಹಿಡಿದು ಚುಚ್ಚುವ ಮಾತಿನ ಬಾಲಕ್ಕೆ ಚೇಳಿನ ಕೊಂಡಿ. ‘ಅಸ್ಪೃಶ್ಯತೆ’ ಅಂತ ಓದಲು ತಡವರಿಸುವ ಮಗುವಿಗೂ ಯಾರು ಯಾರನ್ನು ಕುಟುಕಿದರು ಅಂತ ಗೊತ್ತಾಗಿಬಿಡುತ್ತದೆ. ಶಾಲೆಯಲ್ಲಿ ನೀರು ಸಿಗದ ಪುಟ್ಟ ಭೀಮನ ದಾಹ ಮೀನಾಗಿ ಮೈದಾಳುತ್ತದೆ.

ಇದರ ಎದುರಿಗೆ, ಕೊನೆಯ ಪುಟದಲ್ಲಿ ಎಲ್ಲ ಧರ್ಮದ ಮಕ್ಕಳನ್ನೂ ಕೈ ಕೈ ಹಿಡಿಸಿ ನಿಲ್ಲಿಸುವ ಪುಸ್ತಕಗಳು ನನಗೆ ಗಣರಾಜ್ಯೋತ್ಸವದ ಸ್ತಬ್ಧಚಿತ್ರದಂತೆ ಕಾಣುತ್ತವೆ. ಅಲ್ಲಿ ಜಗಳವೇ ಇಲ್ಲ, ಮಗು ಏನಂತ ಕೇಳಬೇಕು?

ವ್ಯಾಮ್ ದಂಪತಿ ಮಹಾಡದ 1927ರ ಕೆರೆ ನೀರಿನ ಹೋರಾಟವನ್ನೂ ಬಿಡಿಸಿದ್ದಾರೆ. ಅಲ್ಲಿ ಅಂಬೇಡ್ಕರರ ಭಾಷಣ ಜನರ ಮೇಲೆ ನೀರಾಗಿ ಚಿಮ್ಮುತ್ತದೆ. ಭಾಷಣ ಕೇಳಿ ಬಾಯಾರಿಕೆ ಹೋದದ್ದನ್ನು ನಾನು ಕಂಡದ್ದು ಅಲ್ಲೊಂದೇ ಕಡೆ. ನಮ್ಮೂರ ಸಭೆಗಳಲ್ಲಿ ಭಾಷಣ ಶುರುವಾದ ಮೇಲೇ ನೀರಿನ ಬಾಟಲಿ ಹುಡುಕುವುದು.