ಶುನ್‌ಪು ಓಣಿಯ ತುರುಬುಗಳು

ಬೀಜಿಂಗ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಎಲ್ಲರೂ ಮುಗಿಬೀಳುವುದು ಮಿಂಗ್ ರಾಣಿ ಶ್ಯಾವೊದ್ವಾನ್ ಕಿರೀಟದ ಮುಂದೆ. ಒಂಬತ್ತು ಡ್ರ್ಯಾಗನ್, ಒಂಬತ್ತು ಫೀನಿಕ್ಸ್, ಸಾವಿರಾರು ಮುತ್ತು, ಎರಡು ಕಿಲೋ ಮೀರಿದ ಭಾರ. ಪಾಪ, ಆ ಕುತ್ತಿಗೆ! ಅದರ ನೀಲಿ ಮಿಂಚುಳ್ಳಿಯ ಗರಿಯದು. ಗರಿಯನ್ನು ಸಣ್ಣಗೆ ಕತ್ತರಿಸಿ ಅಂಟಿಸುತ್ತಿದ್ದರು. ಗರಿಯ ರಚನೆಯೇ ಬೆಳಕನ್ನು ಚೆದುರಿಸಿ ಆ ನೀಲಿಯನ್ನು ಕಾಣಿಸುತ್ತದೆ. ಹಾಗಾಗಿ ಬಟ್ಟೆಯ ಬಣ್ಣದಂತೆ ಮಾಸುವುದಿಲ್ಲ.

ನನಗೆ ಮಾತ್ರ ತುರುಬಿಗೆ ಸಿಕ್ಕಿಸುವ ಬರಿಯ ಕಡ್ಡಿಗಳ ಮೇಲೇ ಮನಸ್ಸು. ಹಳೆಯ ಚೀನಾದಲ್ಲಿ ಹುಡುಗಿಗೆ 15 ತುಂಬಿದಾಗ ಕೂದಲು ಕಟ್ಟಿ ಕಡ್ಡಿ ಸಿಕ್ಕಿಸಿದರೆ ಮದುವೆಗೆ ಬಂದಳು ಎಂದೇ ಲೆಕ್ಕ. 1976ರಲ್ಲಿ ಆನ್ಯಾಂಗ್‌ನಲ್ಲಿ ಅಗೆದ ಶಾಂಗ್ ರಾಣಿ ಫೂ ಹಾವೊ ಸಮಾಧಿಯಲ್ಲಿ ಸಿಕ್ಕ ಮೂಳೆಯ ಕಡ್ಡಿಗಳೇ ಐನೂರರ ಹತ್ತಿರ. ಆದರೆ ಗಾಜಿನ ಹಿಂದೆ ಕಡ್ಡಿ ಕಾಣುತ್ತದೆ, ಅದು ಹಿಡಿದಿಡುವ ಕೂದಲು ಕಾಣುವುದಿಲ್ಲ. ಅದನ್ನು ನೋಡಲೆಂದೇ ದಕ್ಷಿಣಕ್ಕೆ ರೈಲು ಹತ್ತಿದೆ.

ಫೂಜಿಯಾನ್ ಕರಾವಳಿಯ ಚುವಾನ್‌ಜೌ ಹಳೆಯ ಬಂದರು. ಊರಂಚಿನ ಶುನ್‌ಪು ಬೆಸ್ತರ ಕೇರಿ. ಗೋಡೆಗಳಿಗೆಲ್ಲ ಸಿಂಪಿ ಚಿಪ್ಪು. ಬಾಗಿಲಲ್ಲಿ ಕೂತು ಸಿಂಪಿ ಬಿಡಿಸುವ ಅಜ್ಜಿಯರ ಕೈ ಕೆಸರು, ತಲೆ ಮಾತ್ರ ಹೂದೋಟ!

2023ರಲ್ಲಿ ಇಂಥ ಹೂತುರುಬಿನ ನಟಿಯೊಬ್ಬಳ ಫೋಟೊ ಹರಿದಾಡಿದ ಮೇಲೆ ಓಣಿಯ ತುಂಬ ತುರುಬು ಕಟ್ಟುವ ಅಂಗಡಿಗಳು. ಹಲವೆಡೆ ಪ್ಲಾಸ್ಟಿಕ್ ಹೂ. ಅವನ್ನು ದಾಟಿ ನಿಜವಾದ ಹೂವಿದ್ದ ಕಡೆ ಕೂತೆ. ಅಜ್ಜಿ ನನ್ನ ಮೋಟು ಜಡೆ ಎತ್ತಿ ನೋಡಿ ನಕ್ಕು, ಡ್ರಾಯರಿನಿಂದ ಚೌರಿ ತೆಗೆದರು. ಕೆಂಪು ದಾರದಿಂದ ಬುಡ ಬಿಗಿದು, ಸುತ್ತಿ, ಊಟದ ಕಡ್ಡಿಯಂಥದೊಂದು ಬಿಳಿ ಮೂಳೆಯನ್ನು ಅಡ್ಡಡ್ಡ ತೂರಿಸಿ ಒಮ್ಮೆ ತಿರುವಿದರು. ನೆತ್ತಿ ಚುರುಕ್ಕೆಂದಿತು. ಇನ್ನು ತಲೆ ಕೊಡವಿದರೂ ತುರುಬು ಅಲ್ಲಾಡದು. ಆಮೇಲೆ ಮೊಗ್ಗಿನ ದಂಡೆಗಳು, ಒಂದರ ಹೊರಗೊಂದು, ಕೊನೆಗೆ ಸೇವಂತಿಗೆ. ನಾವು ದಂಡೆ ಇಳಿಬಿಡುತ್ತೇವೆ, ಅವರು ಕಡ್ಡಿಯ ಸುತ್ತ ಬೇಲಿ ಕಟ್ಟುತ್ತಾರೆ. ಮಲ್ಲಿಗೆಯ ಪರಿಮಳ ಮಾತ್ರ ಒಂದೇ.

ಹಿಂದೆ ಆ ಕಡ್ಡಿ ಆನೆದಂತದ್ದೂ ಇರುತ್ತಿತ್ತಂತೆ. ಇದು ಯಾವುದರ ಮೂಳೆ ಎಂದು ಮೊಬೈಲಿನ ಅನುವಾದದಲ್ಲಿ ಕೇಳಿದೆ. ಅಜ್ಜಿ ಎರಡೂ ಕೈ ಹಣೆಗೆ ಕೋಡಿನಂತೆ ಇಟ್ಟುಕೊಂಡು ತೋರಿಸಿದರು. ದನದ್ದು! ಊರಲ್ಲಿ ಅಮ್ಮನಿಗೆ ಇದನ್ನು ಹೇಳುವಂತಿಲ್ಲ. ವಾಪಸಾಗುವ ಬಸ್ಸಿನಲ್ಲಿ ನನ್ನ ತಲೆಯತ್ತ ಯಾರೂ ತಿರುಗಿ ನೋಡಲಿಲ್ಲ. ಅರ್ಧ ಬಸ್ಸು ಹೂ ಮುಡಿದೇ ಕೂತಿತ್ತು.